ಪಟ್ಟುಗಳಿಗಿಂತ ಮೊದಲು ದಮ್ಮು: ಒಂದು ಆತ್ಮರಕ್ಷಣಾ ತರಗತಿಯ ವಿಮರ್ಶೆ

ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಲ್ಲಿ ನಡೆಯುವ ಈ ಆತ್ಮರಕ್ಷಣಾ ತರಗತಿಗೆ ಸೇರುವವರು ಮೊದಲ ವಾರ ನಿರಾಶರಾಗುವ ಸಾಧ್ಯತೆಯೇ ಹೆಚ್ಚು. ಕತ್ತು ಹಿಡಿದವನನ್ನು ಕ್ಷಣಮಾತ್ರದಲ್ಲಿ ಕೆಡವುವ ಪಟ್ಟುಗಳನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಸಿಗುವುದು ಸ್ಕಿಪ್ಪಿಂಗ್ ಹಗ್ಗ, ಬಸ್ಕಿ, ದಂಡ ಮತ್ತು ಓಟ. ಒಂದು ಗಂಟೆಯ ಪಾಠದಲ್ಲಿ ಸುಮಾರು ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ. ಕೆಲವು ತಿಂಗಳು ಕಲಿತ ಮೇಲೆ ಹೇಳುವುದಾದರೆ, ಕೊಟ್ಟ ಶುಲ್ಕ ಸಾರ್ಥಕವಾಗುವುದು ಮುಖ್ಯವಾಗಿ ಆ ಅರ್ಧ ಹೊತ್ತಿನಿಂದಲೇ.

ಮಣಿಕಟ್ಟನ್ನು ಯಾರಾದರೂ ಬಿಗಿಯಾಗಿ ಹಿಡಿದಾಗ, ಅವರ ಹೆಬ್ಬೆರಳು ಉಳಿದ ಬೆರಳುಗಳನ್ನು ಕೂಡುವ ಸಂದಿನತ್ತ ಕೈಯನ್ನು ತಿರುಗಿಸಿ, ಸೊಂಟದ ಬಲ ಹಾಕಿ ಬಿಡಿಸಿಕೊಳ್ಳಬೇಕೆಂಬುದನ್ನು ಇಂಥ ತರಗತಿಗಳೆಲ್ಲ ಸಾಮಾನ್ಯವಾಗಿ ಹೇಳಿಕೊಡುತ್ತವೆ. ನಿಧಾನವಾಗಿ ಮಾಡುವಾಗ ಅದು ಬಹುತೇಕ ಎಲ್ಲರಿಗೂ ಬೇಗ ಬರುತ್ತದೆ. ಆದರೆ ಇಲ್ಲಿನ ತರಬೇತುದಾರರು ಅರ್ಧ ನಿಮಿಷ ಬಿಡುವಿಲ್ಲದೆ ಬರ್ಪಿ (ಕುಕ್ಕರಿಸಿ, ದಂಡದ ಭಂಗಿಗೆ ಹೋಗಿ, ಮತ್ತೆ ಎದ್ದು ಜಿಗಿಯುವ ವ್ಯಾಯಾಮ) ಮಾಡಿಸಿ, ನಾವು ಏದುಸಿರು ಬಿಡುತ್ತಿರುವಾಗಲೇ ಜೊತೆಗಾರನಿಗೆ ಕೈ ಹಿಡಿಯಲು ಹೇಳುತ್ತಾರೆ. ಆಗ ಕಾಲು ನಿಂತಲ್ಲೇ ನಿಲ್ಲುತ್ತದೆ, ಸೊಂಟ ತಿರುಗುವುದಿಲ್ಲ, ತೋಳೊಂದೇ ಸುಮ್ಮನೆ ಜಗ್ಗಾಡುತ್ತಿರುತ್ತದೆ. ಪೂರ್ಣ ಬಲ ಹಾಕಿದಾಗ ಸ್ನಾಯುಗಳಲ್ಲಿ ತಕ್ಷಣಕ್ಕೆ ಒದಗುವ ಶಕ್ತಿ ಸುಮಾರು 10 ಸೆಕೆಂಡಿನಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಅದು ಎಷ್ಟು ಬೇಗ ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಹೃದಯ ಮತ್ತು ಶ್ವಾಸಕೋಶಗಳು ಎಷ್ಟು ಪಳಗಿವೆ ಎಂಬುದನ್ನು ಅವಲಂಬಿಸಿದೆ. ಮೊದಲ ಯತ್ನ ವಿಫಲವಾದರೆ ಎರಡನೆಯದಕ್ಕೆ ತ್ರಾಣ ಉಳಿಯುವುದು ದಮ್ಮು ಇದ್ದವರಿಗೆ.

ಬಿಡಿಸಿಕೊಂಡ ಮೇಲೆ ಓಡಬೇಕೆಂಬುದೂ ಇಲ್ಲಿನ ಪಾಠದ ಭಾಗ. ಪ್ರತಿ ಪಟ್ಟಿನ ಕೊನೆಗೆ ಸಭಾಂಗಣದ ಬಾಗಿಲವರೆಗೆ ಓಡಿಸುತ್ತಾರೆ. ಮೊದಲು ಇದು ನಗೆಪಾಟಲೆನಿಸಿದರೂ ಕಾನೂನಿನ ದೃಷ್ಟಿಯಿಂದಲೂ ಸರಿಯಾದ ಕ್ರಮವೇ: ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆಯಾದರೂ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು 37ನೆಯ ಕಲಮು ಅವಕಾಶ ನೀಡುವುದಿಲ್ಲ.

ಆಕ್ಷೇಪಗಳೂ ಇವೆ. ಬಾಗಿಲಲ್ಲಿ ಅಂಟಿಸಿರುವ ಭಿತ್ತಿಪತ್ರ, ಬಲ ಬೇಕಿಲ್ಲ, ಯುಕ್ತಿ ಸಾಕು ಎನ್ನುತ್ತದೆ. ಒಳಗೆ ನಡೆಯುವ ಪಾಠವೇ ಅದನ್ನು ಸುಳ್ಳು ಮಾಡುತ್ತದೆ. ಯುಕ್ತಿಗೇ ಹೆಸರಾದ ಜೂಡೊ 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಬಂದಾಗ, ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಜಪಾನಿನ ಅಕಿಯೊ ಕಾಮಿನಾಗ ಅವರನ್ನು ಅವರ ನೆಲದಲ್ಲೇ ಸೋಲಿಸಿದವರು ನೆದರ್ಲೆಂಡ್ಸ್‌ನ ಆಜಾನುಬಾಹು ಆಂಟನ್ ಗೀಸಿಂಕ್. ಇಬ್ಬರಿಗೂ ಯುಕ್ತಿ ತಿಳಿದಿದ್ದಾಗ ಮೈಬಲ ಲೆಕ್ಕಕ್ಕೆ ಬಂದೇ ಬರುತ್ತದೆ. ಹೀಗಿದ್ದೂ ಇಲ್ಲಿ ಹಿಡಿತದ ಬಲ ಮತ್ತು ಬೆನ್ನಿನ ಬಲ ಹೆಚ್ಚಿಸುವ ಭಾರದ ವ್ಯಾಯಾಮಗಳಿಲ್ಲ. ನಮ್ಮ ಗರಡಿಗಳಲ್ಲಿ ಕಾಣುವ ಒಂದು ಜೊತೆ ಗದೆಯನ್ನಾದರೂ ಇಡಬಹುದಿತ್ತು. ಬೀಳುವ ಅಭ್ಯಾಸಕ್ಕೆ ಹಾಸಿರುವ ಮ್ಯಾಟ್ ತೀರಾ ತೆಳುವಾಗಿದ್ದು, ಗದ್ದವನ್ನು ಎದೆಗೆ ಒತ್ತಿಕೊಂಡು ಸರಿಯಾಗಿ ಬಿದ್ದರೂ ಭುಜ ನೋಯುತ್ತದೆ. ಇಪ್ಪತ್ತರ ಹುಡುಗರಿಗೂ ಐವತ್ತು ದಾಟಿದವರಿಗೂ ಒಂದೇ ಲೆಕ್ಕದ ಬಸ್ಕಿ ಹೇಳುವುದೂ ಸರಿಯಲ್ಲ.

ಶುಲ್ಕ ಸುತ್ತಲಿನ ಜಿಮ್‌ಗಳಿಗಿಂತ ಸ್ವಲ್ಪ ಹೆಚ್ಚು. ಈಗಾಗಲೇ ನಿತ್ಯ ನಡೆಯುವ, ಓಡುವ ಅಭ್ಯಾಸವಿರುವವರು ನೇರವಾಗಿ ಸೇರಬಹುದು. ಮಂಡಿನೋವು ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿ, ಬರ್ಪಿಗೆ ಬದಲಾಗಿ ಬೇರೆ ಏನು ಮಾಡಿಸುತ್ತಾರೆಂದು ತರಬೇತುದಾರರಿಂದ ಖಚಿತಪಡಿಸಿಕೊಂಡ ಮೇಲೆಯೇ ಹಣ ಕಟ್ಟುವುದು ಒಳಿತು.