ವಾಚ್ ಅವರ್ ಮಾಡಿ ಕೊಡ್ತೇವೆ ಅಂದರೆ ಹಣ ಕೊಡಬೇಡಿ ಮಾರಾಯ್ರೆ

ಬರೆಯುವುದೋ ಬೇಡವೋ ಅಂತ ಎರಡು ವಾರ ಸುಮ್ಮನಿದ್ದೆ. ನಾಚಿಕೆ ಆಗ್ತದೆ. ಆದರೆ ನಮ್ಮ ಸುರತ್ಕಲ್ ಕಡೆಯವರೇ ಇನ್ನೊಬ್ಬರು ನಾನು ಮೋಸ ಹೋದ ಅದೇ ಆಫೀಸಿಗೆ ಹೊರಟಿದ್ದಾರೆ ಅಂತ ಗೊತ್ತಾಯ್ತು.

ಅಮ್ಮನ ಅಡುಗೆಯ ಯೂಟ್ಯೂಬ್ ಚಾನೆಲ್ ನಮ್ಮದು. ಪತ್ರೊಡೆ, ನೀರುದೋಸೆ, ಹೀಗೆ. ಎರಡು ವರ್ಷದಲ್ಲಿ 640 ಸಬ್‌ಸ್ಕ್ರೈಬರ್. ಜಾಹೀರಾತಿನ ಹಣ ಬರಲಿಕ್ಕೆ 1,000 ಸಬ್‌ಸ್ಕ್ರೈಬರ್, 12 ತಿಂಗಳಲ್ಲಿ ಜನ ವಿಡಿಯೋ ನೋಡಿದ್ದು 4,000 ಗಂಟೆ ಬೇಕು, ಅದೇ ಈ ವಾಚ್ ಅವರ್, ಗೊತ್ತುಂಟಲ್ಲ. ನಮ್ಮದು 1,100 ಗಂಟೆಯಲ್ಲಿ ನಿಂತಿತ್ತು.

ಆ ಆಫೀಸು ಅಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಮೇಲಿನ ಮಾಳಿಗೆಯ ಒಂದು ಕೋಣೆ. 6,500 ರೂಪಾಯಿ ಕೊಟ್ಟರೆ ಸಬ್‌ಸ್ಕ್ರೈಬರ್, ಗಂಟೆ ಎರಡೂ ಗ್ಯಾರಂಟಿ ಅಂದರು. ಅಲ್ಲಿದ್ದ ಹುಡುಗ ಎಲ್ಲ ಬಾಯಿಪಾಠ ಒಪ್ಪಿಸಿದ. ಜಾಹೀರಾತಿನಲ್ಲಿ ಶೇಕಡಾ 55 ನಮಗೆ, ಶಾರ್ಟ್ಸ್ (ಚಿಕ್ಕ ವಿಡಿಯೋ) ಆದರೆ 45, 100 ಡಾಲರ್ ತುಂಬದೆ ಬ್ಯಾಂಕಿಗೆ ಬೀಳುವುದಿಲ್ಲ, 10 ಡಾಲರ್ ಆದಾಗ ವಿಳಾಸ ಪಕ್ಕಾ ಮಾಡಲಿಕ್ಕೆ ಪೋಸ್ಟಿನಲ್ಲಿ ಪಿನ್ ಬರ್ತದೆ. ಒಂದೂ ಸುಳ್ಳಲ್ಲ, ಮತ್ತೆ ನೋಡಿದೆ. ನಾನು ಬಿದ್ದದ್ದೇ ಅಲ್ಲಿ.

ಐದೇ ದಿನದಲ್ಲಿ 1,000 ದಾಟಿತು. ಗಂಟೆಯೂ ಏರಿತು. ಅರ್ಜಿ ಹಾಕಿದೆ. ಮನೆಯವರನ್ನೆಲ್ಲ ಕರ್ಕೊಂಡು ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದೆ. ಆ ಬಿಲ್ಲನ್ನೂ ನಷ್ಟಕ್ಕೆ ಸೇರಿಸಿ.

ಅವತ್ತು ರಾತ್ರಿ ಅಮ್ಮ ಕನ್ನಡಕ ಹಾಕಿ ಹೊಸ ಕಾಮೆಂಟ್ ಓದಿಸಿಕೊಳ್ತಿದ್ದರು. ಪತ್ರೊಡೆ ವಿಡಿಯೋದ ಕೆಳಗೆ, ಓದಲಿಕ್ಕೂ ಬಾರದ ಹೆಸರಿನವನೊಬ್ಬ ಬರೆದಿದ್ದ: "ನೈಸ್ ಬೈಕ್ ಬ್ರೋ."

"ನಮ್ಮ ವಿಡಿಯೋದಲ್ಲಿ ಬೈಕ್ ಎಲ್ಲಿ ಉಂಟು ಮಗಾ?"

ಹಿಂದೆ ನಿಲ್ಲಿಸಿದ್ದು ಕಂಡಿರಬೇಕು ಅಂದೆ. ಅಡುಗೆಮನೆಯಲ್ಲಿ ಬೈಕ್! ಹಾಗೆ ಹೇಳಿದ ಬಾಯಿಗೆ ನಾನೇ ಹೊಡ್ಕೊಳ್ಬೇಕು. ಆಮೇಲೆ ಒಬ್ಬನೇ ಕೂತು, ಯಾರು ಎಷ್ಟು ಹೊತ್ತು ವಿಡಿಯೋ ನೋಡಿದರು ಅಂತ ತೋರಿಸುವ ಗ್ರಾಫ್ ನೋಡಿದೆ. ಹೊಸದಾಗಿ ಬಂದವರೆಲ್ಲ ಸರಿಯಾಗಿ 8ನೇ ನಿಮಿಷಕ್ಕೆ ಎದ್ದು ಹೋಗಿದ್ದಾರೆ, ಲಾಸ್ಟ್ ಸ್ಟಾಪಿನಲ್ಲಿ ಬಸ್ ಖಾಲಿ ಆದ ಹಾಗೆ.

ಮೂರು ವಾರಕ್ಕೆ ಉತ್ತರ ಬಂತು, ರಿಜೆಕ್ಟ್. ಮತ್ತೆ ಅರ್ಜಿ ಹಾಕಲಿಕ್ಕೆ 30 ದಿನ ಕಾಯಬೇಕು. ಬಂದ ಸಬ್‌ಸ್ಕ್ರೈಬರ್‌ಗಳನ್ನೂ ಯೂಟ್ಯೂಬಿನವರು ಗುಡಿಸಿ ಹಾಕಿದರು, ಗಂಟೆಯೂ ಇಳಿಯಿತು.

ಇನ್ನು ಆ ಆಫೀಸಿನ ಹುಡುಗನ ಉತ್ತರ ಕೇಳಿ. ಮೊದಲು, "ಟೆನ್ಶನ್ ಮಲ್ಪೊಡ್ಚಿ (ಮಾಡಬೇಡಿ) ಅಣ್ಣಾ, ಸಿಸ್ಟಮ್ ಅಪ್‌ಡೇಟ್ ಆಗ್ತಾ ಉಂಟು." ನಾಲ್ಕು ದಿನ ಬಿಟ್ಟು, "ನಿಮ್ಮ ಕಂಟೆಂಟ್ ವೀಕ್ ಸರ್." ಅಣ್ಣ ಹೋಗಿ ಸರ್ ಆದೆ. ವೀಕಂತೆ! ನಮ್ಮಮ್ಮನ ಪತ್ರೊಡೆ ವೀಕಂತೆ! ಹಣ ವಾಪಸ್ ಕೊಡಿ ಅಂದದ್ದಕ್ಕೆ, "ಇನ್ನು 3,000 ಹಾಕಿ, ಮಾನಿಟೈಸ್ ಆದ (ಜಾಹೀರಾತಿನ ಹಣ ಬರುವ) ರೆಡಿಮೇಡ್ ಚಾನೆಲ್ಲೇ ಕೊಡ್ತೇವೆ." ಪೊಲೀಸಿಗೆ ಹೋಗ್ತೇನೆ ಅಂದೆ. ಆಗ ಬಂದದ್ದು ಇದು: "ಹೋಗಿ ಸರ್. ಫೇಕ್ ವ್ಯೂಸ್ ತಗೊಂಡದ್ದು ನೀವು. ಯೂಟ್ಯೂಬಿಗೆ ಗೊತ್ತಾದರೆ ಚಾನೆಲ್ಲೇ ಹೋಗ್ತದೆ." ಮಾರಿದವನೇ ಹೆದರಿಸುವುದು ನೋಡಿ. ಮಾರಿದವನೇ! ಆಮೇಲೆ ಬ್ಲಾಕ್.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಕೇಳಿದರು, ನನ್ನ ಹತ್ತಿರ ಜಿಪೇ ಸ್ಕ್ರೀನ್‌ಶಾಟ್ ಬಿಟ್ಟರೆ ಎಂತದೂ ಇಲ್ಲ. ಆ ಹುಡುಗ ಜಿಮೇಲ್ ಪಾಸ್‌ವರ್ಡ್ ಸಹ ಕೇಳಿದ್ದ, ಹೆಂಡತಿ ಬಿಡಲಿಲ್ಲ, ಅಷ್ಟು ಪುಣ್ಯ. ನೀವೂ ಕೊಡಬೇಡಿ. ಗ್ಯಾರಂಟಿ ಅನ್ನುವವನ ಮೆಟ್ಟಿಲೇ ಹತ್ತಬೇಡಿ. ದುಡ್ಡು ಕಟ್ಟಿ ಆ್ಯಡ್ ಓಡಿಸಿದ ವ್ಯೂಸ್ ಕೂಡ ಆ 4,000 ಗಂಟೆಗೆ ಸೇರುವುದಿಲ್ಲ, ಶಾರ್ಟ್ಸ್ ಫೀಡಿನದ್ದೂ ಇಲ್ಲ. ನಮ್ಮ 1,100 ಗಂಟೆ ಮುಂಬೈ, ದುಬೈಯಲ್ಲಿರುವ ನಮ್ಮೂರಿನವರು ಕೂತು ನೋಡಿದ್ದು. ಅದರ ಮೇಲೆ ನಾನು ಕಸ ಸುರಿದೆ.

ಅಮ್ಮನಿಗೆ ರಿಜೆಕ್ಟ್ ಆದದ್ದು ಹೇಳಿಲ್ಲ. ಪೋಸ್ಟಿನಲ್ಲಿ ಪಿನ್ ಬರ್ತದೆ ಅಂತ ಹೇಳಿಟ್ಟಿದ್ದೆನಲ್ಲ, ಪೋಸ್ಟ್‌ಮ್ಯಾನ್ ಬೆಲ್ ಕೇಳಿದರೆ ಕೈ ಒರೆಸಿಕೊಂಡು ಗೇಟಿಗೆ ಹೋಗ್ತಾರೆ. ನಿನ್ನೆ ಬಂದದ್ದು ಎಲ್‌ಐಸಿ ಕಾಗದ.