ಬೊಂಬೆಯ ಪಾಠಕ್ಕೇ ಕೊಟ್ಟ ದುಡ್ಡು ಸಂದಿತು

ಮರಣ ತನಿಖೆಗೆ ಹೋಗುವ ಫೊರೆನ್ಸಿಕ್ ನರ್ಸ್‌ಗಳಿಗೆಂದೇ ಮಾಡಿದ ಆನ್‌ಲೈನ್ ತರಬೇತಿ ಇದು. ಆಘಾತಕ್ಕೊಳಗಾದ ಮನೆಯವರನ್ನು ಮತ್ತಷ್ಟು ಘಾಸಿಗೊಳಿಸದೆ ತನಿಖೆ ಮಾಡುವುದು ಹೇಗೆ ಎಂಬುದು ವಿಷಯ. ಮೊದಲ ಭಾಗ ಬರೀ ಬೋರು. ಆಘಾತಕ್ಕೊಳಗಾದವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಸ್ಯಾಮ್ಸಾ 2014ರಲ್ಲಿ ಮುಂದಿಟ್ಟ ಆರು ತತ್ವಗಳನ್ನು ಸ್ಲೈಡಿನಿಂದ ಓದಿ ಹೇಳುತ್ತಾರೆ. ನಮಗೂ ಓದೋಕೆ ಬರುತ್ತೆ ತಾಯಿ, ಮುಂದೆ ಹೋಗಿ ಅನ್ನಿಸಿತು.

ಸಾವಿನ ಸುದ್ದಿ ತಿಳಿಸುವ ಪಾಠದಿಂದ ಕಳೆ ಬರುತ್ತದೆ. ಎದುರಿಗೇ ಹೋಗಿ, ಇಬ್ಬರು ಹೋಗಿ, ಸುತ್ತಿಬಳಸದೆ ಹೇಳಿ ಎಂಬುದೆಲ್ಲ ಗೊತ್ತಿದ್ದದ್ದೇ. ಆದರೆ ಅಭಿನಯಿಸಿ ತೋರಿಸಿದ ವಿಡಿಯೋದಲ್ಲಿ ನರ್ಸ್ ಸುದ್ದಿ ಹೇಳಿ ಸುಮ್ಮನಾಗುತ್ತಾಳೆ, ಆ ಮೌನವನ್ನು ಕತ್ತರಿಸದೆ ಹಾಗೇ ಉಳಿಸಿದ್ದಾರೆ. ನೋಡುವ ನಮಗೇ ಬಾಯಿ ತುರಿಸುತ್ತದೆ.

ಬೊಂಬೆಯ ಪಾಠವಂತೂ ಅದ್ಭುತ. ಮಲಗಿದ್ದಲ್ಲೇ ಕೂಸು ಸತ್ತಾಗ, ಹೇಗೆ ಮಲಗಿಸಿದ್ದರು, ಹೇಗಿದ್ದದ್ದು ಕಂಡರು ಎಂದು ಹೆತ್ತವರಿಂದಲೇ ಬೊಂಬೆ ಇಟ್ಟು ತೋರಿಸಿಕೊಳ್ಳುತ್ತೇವಲ್ಲ, ನಮ್ಮ ಕೆಲಸದಲ್ಲಿ ಅದಕ್ಕಿಂತ ಕಠೋರವಾದದ್ದು ಕಡಿಮೆ. ಮುಖ ಹಾಸಿಗೆಗೆ ಒತ್ತಿತ್ತೇ, ಮಗ್ಗುಲಲ್ಲಿ ದಿಂಬಿತ್ತೇ ಎಂಬುದು ಶವಪರೀಕ್ಷೆಯೊಂದರಿಂದಲೇ ಗೊತ್ತಾಗುವುದಿಲ್ಲ, ಹಾಗಾಗಿ ಬಿಡುವಂತೆಯೂ ಇಲ್ಲ. ಯಾಕೆ ಬೇಕೆಂದು ವಿವರಿಸುವವರೆಗೆ ಬೊಂಬೆ ಚೀಲದಿಂದ ಹೊರಬರಬಾರದು, ತಾಯಿ ನಡುವೆ ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು, ಮುಗಿದ ಕೂಡಲೇ ತೊಟ್ಟಿಲಿನಿಂದ ಎತ್ತಿಡಬೇಕು ಎನ್ನುತ್ತಾರೆ. 'ಯಾಕೆ ಬೋರಲು ಮಲಗಿಸಿದಿರಿ?' ಅನ್ನುವ ಬದಲು 'ಮಗು ಹೇಗೆ ಮಲಗಿತ್ತು, ತೋರಿಸ್ತೀರಾ?' ಎಂದು ಕೇಳಿದಾಗ ಸಿಗುವ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದಾರೆ. ಮೊದಲನೆಯದಕ್ಕೆ ಸಮಜಾಯಿಷಿ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ.

ಹೇಳಿಕೆಯಲ್ಲಿ ಸಮಯ ಹಿಂದುಮುಂದಾದರೆ ಸುಳ್ಳೆಂದು ಬರೆದುಕೊಳ್ಳಬೇಡಿ, ಆಘಾತದಲ್ಲಿ ನೆನಪು ಚೂರುಚೂರಾಗಿ ಬರುತ್ತದೆ ಎನ್ನುತ್ತಾರೆ. ಒಪ್ಪಿದೆ. ಆದರೆ ಹೇಳಿದ ಸಮಯವನ್ನು ದೇಹದ ಸೆಡೆತ, ರಕ್ತ ಇಳಿದು ಮೂಡಿದ ಕಲೆಗಳ ಜೊತೆ ತಾಳೆ ನೋಡುವ ಕೆಲಸ ತಪ್ಪುವುದಿಲ್ಲ ಎಂದು ಒಂದು ಮಾತು ಸೇರಿಸಬೇಕಿತ್ತು.

ನನ್ನ ದೊಡ್ಡ ತಕರಾರು ಇಲ್ಲೇ. 'ಮನೆಯವರು ಸತ್ತವರ ಕೈ ಹಿಡಿಯಬಯಸಿದರೆ ಬಿಡಿ' ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ಅನುಮಾನದ ಸಾವಿನಲ್ಲಿ ಉಗುರಿನ ಸಾಕ್ಷ್ಯ ಉಳಿಯಲೆಂದು ಆ ಕೈಗಳಿಗೆ ಕಾಗದದ ಚೀಲ ಕಟ್ಟಿರುತ್ತೇವೆ. ಆಗ ತಾಯಿಗೆ ಏನು ಹೇಳುವುದು? ನಾನು ನೇರವಾಗಿ ಹೇಳುತ್ತೇನೆ: ಈಗ ಮುಟ್ಟುವ ಹಾಗಿಲ್ಲ, ಕಾರಣ ಇದು, ಪರೀಕ್ಷೆ ಮುಗಿದ ಮೇಲೆ ಕೇಳಿ ನೋಡೋಣ, ಅಲ್ಲಿವರೆಗೆ ಇಷ್ಟು ಹತ್ತಿರ ನಿಲ್ಲಬಹುದು. ನನ್ನ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಡುವುದಿಲ್ಲ. ಎದುರು ಕೂತು ಅಳುವವರೇ ಮುಂದೆ ಆರೋಪಿಯೂ ಆಗಬಹುದಾದ ಈ ಕೆಲಸದಲ್ಲಿ, ಕಷ್ಟದ ಜಾಗವನ್ನೇ ಹಾರಿಸಿದರೆ ತರಬೇತಿ ಯಾಕೆ?

ಕೊನೆಯ ಭಾಗ ನಮ್ಮ ಮನಸ್ಸಿನ ಆರೈಕೆಯದ್ದಂತೆ. ದೀರ್ಘ ಉಸಿರು, ಸಂಗೀತ, ನಡಿಗೆ. ಮಗುವಿನ ಸಾವಿನ ಮನೆಯಿಂದ ಬಂದವಳನ್ನು ಅದೇ ಪಾಳಿಯಲ್ಲಿ ಇನ್ನೊಂದಕ್ಕೆ ಕಳಿಸಬೇಡಿ ಎಂದು ಮೇಲಧಿಕಾರಿಗಳಿಗೆ ಯಾರೂ ಹೇಳುವುದಿಲ್ಲ, ಉಸಿರಾಟ ಮಾತ್ರ ನಮಗೆ ಕಲಿಸುತ್ತಾರೆ.

ಐದಕ್ಕೆ ಮೂರೂವರೆ. ಹೊಸಬರು ಬೊಂಬೆಯ ಪಾಠವನ್ನು ಅನುಭವಸ್ಥರೊಬ್ಬರ ಜೊತೆ ಕೂತು ನೋಡಿ, ನಡುನಡುವೆ ನಿಲ್ಲಿಸಿ ಮಾತಾಡಿ. ಪ್ರಮಾಣಪತ್ರವಷ್ಟೇ ಬೇಕಿದ್ದವರಿಗೆ ತೊಂದರೆಯಿಲ್ಲ, ಕೊನೆಯ ಪರೀಕ್ಷೆಯನ್ನು ಪಾಠ ನೋಡದೆಯೂ ಪಾಸು ಮಾಡಬಹುದು.