ಪಿಯು, ತಂತಿ, ಪಿಯಾನೋ ವೈರ್: ಕ್ರಷರ್ ಸ್ಕ್ರೀನಿನ ಯಾವ ಡೆಕ್ಕಿಗೆ ಯಾವ ಜಾಲರಿ?

ಪಾಲಿಯುರೆಥೇನ್ (ಪಿಯು, ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಪ್ಯಾನೆಲ್ ಮಾರುವವರ ಮಾತು ಒಂದೇ: ಒಮ್ಮೆ ಹಾಕಿಸಿ, ಮರೆತುಬಿಡಿ. ಗ್ರಾನೈಟ್ ಒಡೆಯುವ ಜಲ್ಲಿ ಕ್ರಷರ್‌ಗಳಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಒಡೆದ ಕಲ್ಲನ್ನು ಅದುರಿಸಿ ಅಳತೆಯಂತೆ ಬೇರ್ಪಡಿಸುವ, ಆರಡಿ ಅಗಲ, ಹದಿನಾರಡಿ ಉದ್ದದ ಮೂರು ಡೆಕ್ಕಿನ (ಜಾಲರಿಯ ಮೂರು ಅಂತಸ್ತಿನ) ಇಳಿಜಾರು ಸ್ಕ್ರೀನನ್ನೇ ತೆಗೆದುಕೊಳ್ಳಿ. ಮೇಲಿನ ಡೆಕ್ಕಿಗೆ ಪಿಯು ಹಾಕಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನಡುವಿನದಕ್ಕೆ ಸ್ಪ್ರಿಂಗ್ ಸ್ಟೀಲ್ ತಂತಿ ಜಾಲರಿಯೇ ವಾಸಿ. ಡಸ್ಟ್ (ಕಲ್ಲಿನ ಪುಡಿ) ಬೇರ್ಪಡಿಸುವ ಕೆಳಗಿನ ಡೆಕ್ಕಿಗೆ ಮಾತ್ರ, ಒಣ ಪ್ಲಾಂಟ್ ಆದರೆ, ಪಿಯು ಬೇಡ. ನೀರು ಹಾಯಿಸಿ ಎಂ-ಸ್ಯಾಂಡ್ ತೊಳೆಯುವ ಕಡೆ ಲೆಕ್ಕವೇ ಬೇರೆ.

ಕಾರಣ ತೂತಿನ ಪಾಲು. 22 ಮಿ.ಮೀ. ತೂತಿನ ಜಾಲರಿಯನ್ನು 6 ಮಿ.ಮೀ. ತಂತಿಯಲ್ಲಿ ನೇಯ್ದರೆ ಒಟ್ಟು ಜಾಗದಲ್ಲಿ ಸುಮಾರು 62 ಶೇಕಡಾ ತೂತು ಸಿಗುತ್ತದೆ. ಅದೇ ತೂತಿಗೆ 8 ಮಿ.ಮೀ. ತಂತಿ ಹಾಕಿದರೆ 54ಕ್ಕೆ ಇಳಿಯುತ್ತದೆ. ಪಿಯು ಪ್ಯಾನೆಲ್‌ನಲ್ಲಿ ಇನ್ನೂ ಕಡಿಮೆ. ತೂತು ಸಣ್ಣದಾದಷ್ಟೂ ನಡುವಿನ ಗೋಡೆಗಳೇ ಜಾಗ ತಿನ್ನುತ್ತವೆ. ಮೇಲಿನ ಡೆಕ್ಕಿನಲ್ಲಿ ದಪ್ಪ ಕಲ್ಲು ಬಡಿಯುವುದರಿಂದ ಬಾಳಿಕೆ ಮುಖ್ಯ, ಒಂದಿಷ್ಟು ತೂತು ಕಳೆದುಕೊಂಡರೂ ನಡೆಯುತ್ತದೆ. ಕೆಳಗೆ ಹಾಗಲ್ಲ. ಅಲ್ಲಿ ತೂತು ಕಡಿಮೆಯಾದರೆ ಡಸ್ಟ್ ಇಳಿಯದೆ 6 ಎಂಎಂ ಜಲ್ಲಿಯ ಜೊತೆಗೇ ಬೆಲ್ಟಿಗೆ ಹೋಗುತ್ತದೆ.

ಆರ್ಡರ್ ಕೊಡುವಾಗ ಒಂದು ಎಚ್ಚರ: 20 ಎಂಎಂ ಜಲ್ಲಿ ಬೇಕೆಂದು 20 ಮಿ.ಮೀ. ತೂತೇ ಹೇಳಬೇಡಿ. ಡೆಕ್ 20 ಡಿಗ್ರಿ ಇಳಿಜಾರಿನಲ್ಲಿದ್ದರೆ ಮೇಲಿಂದ ಬೀಳುವ ಕಲ್ಲಿಗೆ 22ರ ತೂತು ಸಿಗುವುದು 20.7ರಷ್ಟೇ. ತಂತಿ ಸವೆದಾಗ ಇದರ ಉಲ್ಟಾ ತೊಂದರೆ. 6 ಮಿ.ಮೀ. ತಂತಿ 4ಕ್ಕೆ ಬಂದರೆ ತೂತು 24 ಆಗುತ್ತದೆ. ಕಾಂಕ್ರೀಟಿನ ಜಲ್ಲಿಗಿರುವ ಭಾರತೀಯ ಮಾನಕ ಐಎಸ್ 383ರ ಪ್ರಕಾರ ಒಂದೇ ಅಳತೆಯ 20 ಎಂಎಂ ಜಲ್ಲಿಯಲ್ಲಿ ಕನಿಷ್ಠ 85 ಶೇಕಡಾ 20ರ ಜರಡಿ ದಾಟಲೇಬೇಕು. ಸವೆದ ಜಾಲರಿಯಲ್ಲಿ ಅದು ತಪ್ಪುತ್ತದೆ, ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಪ್ಲಾಂಟ್‌ನವರು ಟಿಪ್ಪರ್ ವಾಪಸ್ ಕಳಿಸುತ್ತಾರೆ. ವಾರಕ್ಕೊಮ್ಮೆ ಕ್ಯಾಲಿಪರ್ ಹಿಡಿದು ಕಲ್ಲು ಬೀಳುವ ತುದಿಯಲ್ಲಿ ಅಳೆಯಿರಿ. ಮೊದಲು ಸವೆಯುವುದು ಆ ತುಂಡೇ, ಬದಲಿಸಬೇಕಾದ್ದೂ ಅದೊಂದನ್ನೇ.

ಮಳೆಗಾಲದಲ್ಲಿ ಕೆಳಗಿನ ಡೆಕ್ಕಿನ ಚೌಕ ತೂತುಗಳು ಒದ್ದೆ ಡಸ್ಟ್‌ನಿಂದ ಮೆತ್ತಿಕೊಳ್ಳುತ್ತವೆ. ಸುತ್ತಿಗೆಯಿಂದ ಬಡಿದು ಬಿಡಿಸುವುದು ಜಾಲರಿಗೆ ಒಳ್ಳೆಯದಲ್ಲ. ಇಲ್ಲಿ ಪಿಯಾನೋ ವೈರ್ ಜಾಲರಿ ನಿಜಕ್ಕೂ ಕೆಲಸ ಮಾಡುತ್ತದೆ: ಅಡ್ಡ ನೇಯ್ಗೆ ಇಲ್ಲದ್ದರಿಂದ ಒಂದೊಂದು ತಂತಿಯೂ ತನ್ನಷ್ಟಕ್ಕೆ ಅದುರಿ ಅಂಟನ್ನು ಉದುರಿಸುತ್ತದೆ. ದೋಷ ಎರಡಿವೆ. ತಂತಿ ತೆಳುವಾದ್ದರಿಂದ ಬೇಗ ತುಂಡಾಗುತ್ತದೆ. ಚಪ್ಪಟೆ ಕಲ್ಲು ಸಂದಿಯಲ್ಲಿ ಉದ್ದುದ್ದ ಜಾರಿ ಡಸ್ಟ್‌ಗೆ ಸೇರುತ್ತದೆ. ಬೇಸಿಗೆಯಲ್ಲಿ ನೇಯ್ದ ಜಾಲರಿ, ಮಳೆಗಾಲದಲ್ಲಿ ಇದು, ಹೀಗೆ ಬದಲಾಯಿಸಿಕೊಂಡರೆ ಖರ್ಚು ಹತೋಟಿಗೆ ಬರುತ್ತದೆ.

ಯಾವ ತಂತಿ ಜಾಲರಿಯೇ ಆಗಲಿ, ಬಿಗಿ ಇಲ್ಲದಿದ್ದರೆ ಸತ್ತಂತೆಯೇ. ಹಾಕುವ ಮುಂಚೆ ಕೆಳಗಿನ ಅಡ್ಡಪಟ್ಟಿಗಳ ಮೇಲಿನ ರಬ್ಬರ್ ಚಾನಲ್ ಹರಿದಿದೆಯೇ ನೋಡಿ, ಹರಿದಿದ್ದರೆ ಆಗಲೇ ಬದಲಿಸಿ. ಜಾಲರಿಯನ್ನು ನಡುಮಧ್ಯಕ್ಕೆ ಕೂರಿಸಿ, ಎರಡೂ ಪಕ್ಕದ ಬೋಲ್ಟ್‌ಗಳನ್ನು ನಡುವಿನಿಂದ ತುದಿಯ ಕಡೆಗೆ, ಒಂದು ಈ ಬದಿ ಒಂದು ಆ ಬದಿ ಎಂದು ಸಮನಾಗಿ ಬಿಗಿಯಿರಿ. ಮೊದಲ ಶಿಫ್ಟ್ ಮುಗಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಇದನ್ನು ಬಿಡುವವರೇ ಹೆಚ್ಚು. ಅಡ್ಡಪಟ್ಟಿಯ ನೇರಕ್ಕೆ ತಂತಿ ತುಂಡಾಗಿದ್ದರೆ ರಬ್ಬರ್ ಹೋಗಿದೆ ಅಥವಾ ಜಾಲರಿ ಸಡಿಲ. ಪಕ್ಕದ ಕೊಕ್ಕೆಯ ಬಳಿ ತುಂಡಾಗಿದ್ದರೆ ಜಾಲರಿಯನ್ನು ಎಳೆದು ಹಿಡಿಯುವ ಟೆನ್ಷನ್ ಪಟ್ಟಿ ಸವೆದಿದೆ. ಸಪ್ಲೈಯರ್‌ನನ್ನು ಬಯ್ಯುವ ಮುಂಚೆ ಇದನ್ನು ನೋಡಿ.

ಜಾಲರಿ ಚೆನ್ನಾಗಿದ್ದೂ ಜಲ್ಲಿ ಕಲಬೆರಕೆ ಬರುತ್ತಿದ್ದರೆ ಫೀಡ್, ಅಂದರೆ ಸ್ಕ್ರೀನಿಗೆ ಕಲ್ಲು ಬೀಳುವ ರೀತಿ, ನೋಡಿ. ಡೆಕ್ಕಿನ ಕೊನೆಯಲ್ಲಿ ಕಲ್ಲಿನ ಹಾಸು ತೂತಿನ ಅಳತೆಯ ನಾಲ್ಕರಷ್ಟಕ್ಕಿಂತ ದಪ್ಪ ಇರಬಾರದು: 6 ಮಿ.ಮೀ. ತೂತಿಗೆ 24 ಮಿ.ಮೀ. ಅದಕ್ಕಿಂತ ದಪ್ಪವಾದರೆ ಮೇಲಿನ ಪುಡಿ ತೂತು ತಲುಪುವ ಮೊದಲೇ ಹೊರಬೀಳುತ್ತದೆ. ಕಲ್ಲು ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ಕಲ್ಲು ಸುರಿಯುವ ಚ್ಯೂಟ್ ಸರಿಮಾಡಿಸಿ.

ನಾಲ್ಕೂ ಮೂಲೆಯಲ್ಲಿ ಸ್ಟ್ರೋಕ್ ಸ್ಟಿಕ್ಕರ್ (ಅದುರಾಟದ ಅಳತೆ ತೋರಿಸುವ ಚೀಟಿ) ಅಂಟಿಸಿ ಅದುರಾಟ ಹೋಲಿಸಿ. ಎಡಬಲ ವ್ಯತ್ಯಾಸ ಕಂಡರೆ ಮೊದಲು ಸ್ಪ್ರಿಂಗ್ ಬುಡದ ಡಸ್ಟ್ ಗುಡ್ಡೆ ತೆಗೆಸಿ. ಸ್ಪ್ರಿಂಗ್ ಮುರಿದಿದ್ದರೆ ಆ ಮೂಲೆಯ ಸೆಟ್ ಪೂರ್ತಿ ಬದಲಿಸಿ, ಒಂಟಿಯಾಗಿ ಬೇಡ. ಬೇರಿಂಗ್ ಬಿಸಿಯಾದರೆ ಇನ್ನಷ್ಟು ಗ್ರೀಸ್ ತುಂಬುವ ಅಭ್ಯಾಸ ಬಿಡಿ. ಹೆಚ್ಚು ಗ್ರೀಸೂ ಬಿಸಿಗೆ ಕಾರಣ. ಸೈಡ್ ಪ್ಲೇಟಿನ ಮೇಲೆ ವೆಲ್ಡಿಂಗ್ ಮಾಡಿಸಲೇಬೇಡಿ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಡೆಕ್ ಖಾಲಿಯಾದ ಮೇಲೆಯೇ ಸ್ಕ್ರೀನ್ ನಿಲ್ಲಿಸಿ, ಮೇಲೆ ಹತ್ತುವ ಮುಂಚೆ ಕರೆಂಟ್ ಕಡಿಯುವ ಐಸೊಲೇಟರ್‌ ಸ್ವಿಚ್ ಆಫ್ ಮಾಡಿ ಬೀಗ ಹಾಕಿ ಕೀ ಜೇಬಿನಲ್ಲಿಟ್ಟುಕೊಳ್ಳಿ.

ಬಿಲ್ಲಿನಲ್ಲಿ ತೂತು ಮತ್ತು ತಂತಿಯ ಅಳತೆ ಎರಡನ್ನೂ ಬರೆಸಿ, ಮಾಲು ಇಳಿಸುವಾಗಲೇ ಅಳೆದು ನೋಡಿ. 6 ಹೇಳಿ 5.6 ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ.